ಬೋರೈಡ್ ಸೆರಾಮಿಕ್ಕು, ಹೈಪರ್‌ಸಾನಿಕ್ ವಿಮಾನ, 2,000 ಡಿಗ್ರಿ ಫರ್ನೇಸು: ಪದೇ ಪದೇ ಕೇಳೋ ಪ್ರಶ್ನೆಗಳು

ಪುಣೆಯಲ್ಲಿ ಪುಡಿ, ಗ್ರಾಫೈಟ್ ಡೈ (ಅಚ್ಚು), ಫರ್ನೇಸು ಇವುಗಳ ನಡುವೆನೇ ನನ್ನ ಕೆಲಸ. ಮುಂಬೈನ ಮಾಟುಂಗಾದಲ್ಲಿ ಕನ್ನಡದವರ ಕಾರ್ಯಕ್ರಮ ಮುಗಿದು ಊಟಕ್ಕೆ ಕೂತಾಗ, ಪುಣೆ ಪಕ್ಕದ ಕಾರ್ಖಾನೆ ಪ್ರದೇಶ ಭೋಸರಿಯ ಜಾಬ್ ಶಾಪುಗಳಲ್ಲಿ, ಬೆಳಗಾವಿ ವಿಜಯಪುರ ಕಡೆಯಿಂದ ಇಲ್ಲಿಗೆ ಓದೋಕೆ ಬಂದ ಹುಡುಗ ಹುಡುಗಿಯರ ಮೆಸೇಜುಗಳಲ್ಲಿ, ಸುತ್ತಿ ಬಳಸಿ ಅವೇ ಪ್ರಶ್ನೆಗಳು ಬರ್ತಾ ಇರ್ತವೆ. ಕೇಳಿದವರ ಮಾತನ್ನ ಹೆಚ್ಚುಕಮ್ಮಿ ಹಾಗೇ ಇಟ್ಟಿದೀನಿ. ಮೊದಲು ಸುಲಭದ್ದು, ಆಮೇಲೆ ಕಷ್ಟದ್ದು. ಎಲ್ಲದರ ಹಿಂದೆ ನಾನು ಹೇಳೋದು ಒಂದೇ, ಹೈಪರ್‌ಸಾನಿಕ್ ವಿಮಾನದ ಚೂಪು ಮೂತಿಗೆ ಬೇಕಾದ ಈ ಬೋರೈಡ್ ಸೆರಾಮಿಕ್ಕಿನ ಹಣೆಬರಹ ಬರೆಯೋದು ಪುಡಿ ಮತ್ತು ಫರ್ನೇಸು, ಹಾರಾಟದಲ್ಲಿ ಏನಾಗುತ್ತೆ ಅನ್ನೋದು ಅಲ್ಲೇ ಮುಕ್ಕಾಲು ಪಾಲು ತೀರ್ಮಾನ ಆಗಿರುತ್ತೆ.

## ಶುರುವಿನವು

ಸರ್, ಬೋರೈಡ್ ಸೆರಾಮಿಕ್ ಅಂದ್ರೆ ಏನು, ನಮ್ಮ ಬಾತ್‌ರೂಮ್ ಟೈಲ್ಸ್ ಜಾತಿದೇನಾ?

ಟೈಲ್ಸು ಜೇಡಿಮಣ್ಣು, ಸಿಲಿಕಾ, ಅಲ್ಯೂಮಿನಾ ಇಂಥ ಆಕ್ಸೈಡುಗಳಿಂದ ಆಗಿರುತ್ತೆ. ಇದು ಬೇರೆ ಕುಲ. ಜಿರ್ಕೋನಿಯಂ ಅಥವಾ ಹಾಫ್ನಿಯಂ ಥರದ ಲೋಹದ ಒಂದು ಪರಮಾಣುವಿಗೆ ಎರಡು ಬೋರಾನ್ ಸೇರಿದ್ರೆ ಡೈಬೋರೈಡ್. ಒಳಗಡೆ ಬೋರಾನ್ ಪರಮಾಣುಗಳು ಆರು ಮೂಲೆಯ ಜಾಲರಿ ಕಟ್ಟಿಕೊಂಡು ಒಂದು ಪದರ, ಅದರ ಮೇಲೆ ಲೋಹದ ಪದರ, ಮತ್ತೆ ಬೋರಾನ್, ಮತ್ತೆ ಲೋಹ, ಹೀಗೆ ಪೇರಿಸಿಟ್ಟಿರುತ್ತೆ. ಬೋರಾನ್ ಬಂಧಗಳು ತುಂಬಾ ಗಟ್ಟಿ, ಅದಕ್ಕೇ ಕರಗೋಕೆ 3,200 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬೇಕು. ಲೋಹದ ಪದರ ಇರೋದ್ರಿಂದ ಕರೆಂಟೂ ಹರಿಯುತ್ತೆ, ಶಾಖನೂ ಚೆನ್ನಾಗಿ ಹರಿಯುತ್ತೆ. ಪಾಲಿಶ್ ಮಾಡಿದ ತುಂಡನ್ನ ಗೊತ್ತಿಲ್ಲದವರ ಕೈಗೆ ಕೊಟ್ರೆ ಸ್ಟೀಲ್ ಅಂತಾನೇ ಹೇಳ್ತಾರೆ, ಬೂದು ಬಣ್ಣ, ಹೊಳಪು, ಮಲ್ಟಿಮೀಟರ್ ಇಟ್ರೆ ಬೀಪ್ ಅನ್ನುತ್ತೆ.

ಕಾಕಾ, ವಿಮಾನದ ಮೂತಿ ಚೂಪ ಇದ್ರ ಯಾಕ ಜಾಸ್ತಿ ಕಾಯ್ತದ್ರಿ?

ಶಬ್ದದ ಐದು ಪಟ್ಟು ವೇಗ ದಾಟಿದ್ರೆ ಹೈಪರ್‌ಸಾನಿಕ್ ಅಂತಾರೆ. ಎದುರಿನ ಗಾಳಿ ಮೂತಿ ಹತ್ರ ಬಂದು ನಿಂತುಬಿಡುತ್ತೆ, ಅದರ ವೇಗದ ಶಕ್ತಿಯೆಲ್ಲಾ ಶಾಖ ಆಗುತ್ತೆ. ಮ್ಯಾಕ್ 6ರಲ್ಲಿ, ಮೇಲಿನ ತಣ್ಣನೆ ಗಾಳಿಯಲ್ಲೂ, ನಿಂತ ಗಾಳಿಯ ಟೆಂಪರೇಚರು ಲೆಕ್ಕ ಹಾಕಿದ್ರೆ ಸುಮಾರು 1,500 ಡಿಗ್ರಿ ಬರುತ್ತೆ, ವೇಗ ಏರಿದಂಗೆ ಅದು ವರ್ಗದ ಲೆಕ್ಕದಲ್ಲಿ ಏರುತ್ತೆ. ಮೂತಿ ದಪ್ಪ ಇದ್ರೆ ಮುಂದೆ ಒತ್ತಿಕೊಂಡ ಗಾಳಿಯ ಅಲೆ, ಅಂದ್ರೆ ಶಾಕ್ ವೇವ್, ಸ್ವಲ್ಪ ದೂರ ನಿಲ್ಲುತ್ತೆ, ಚೂಪಾದ್ರೆ ಹತ್ತಿರಕ್ಕೆ ಬರುತ್ತೆ. ತುದಿಯ ತ್ರಿಜ್ಯ ಕಾಲು ಭಾಗಕ್ಕೆ ಇಳಿಸಿದ್ರೆ ಒಳಗೆ ನುಗ್ಗೋ ಶಾಖ ಎರಡರಷ್ಟಾಗುತ್ತೆ. ಅಮೆರಿಕದ ಸ್ಪೇಸ್ ಶಟಲ್ಲಿನ ಮೂತಿ ಅಷ್ಟು ಮೊಂಡಾಗಿದ್ದುದಕ್ಕೆ ಇದೇ ಕಾರಣ. ಆದರೆ ಗಾಳಿ ಉಸಿರಾಡೋ ಸ್ಕ್ರಾಮ್‌ಜೆಟ್ ಇಂಜಿನ್ನಿಗೆ ಮೊಂಡು ಮೂತಿ ಆಗಿ ಬರಲ್ಲ, ಡ್ರ್ಯಾಗ್ ಜಾಸ್ತಿ, ಒಳಗೆ ಹೋಗೋ ಗಾಳಿಯೂ ಕೆಡುತ್ತೆ. ಹಾಗಾಗಿ ಚೂಪು ಬೇಕೇ ಬೇಕು, ಚೂಪು ಅಂದ್ಮೇಲೆ 2,000 ಡಿಗ್ರಿ ಆಸುಪಾಸು ತಡೆದು ಆಕಾರ ಬಿಡದೇ ಇರೋ ಮೆಟೀರಿಯಲ್ ಬೇಕು. ಶಾಖ ಚೆನ್ನಾಗಿ ಹರಿಯೋ ಗುಣ ಇಲ್ಲಿ ಕೈ ಹಿಡಿಯುತ್ತೆ, ತುದಿಯ ಬಿಸಿಯನ್ನ ಹಿಂದಕ್ಕೆ ಎಳೆದುಕೊಂಡು ಹೋಗುತ್ತೆ.

ಗ್ರಾಫೈಟ್ ಇದೆ, ಟಂಗ್‌ಸ್ಟನ್ ಇದೆ, ಅವೂ 3,000 ತಡೀತವಲ್ಲ?

ವ್ಯಾಕ್ಯೂಮಲ್ಲಿ ತಡೀತವೆ. ಗಾಳಿಯಲ್ಲಿ ಗ್ರಾಫೈಟ್ 600 ಡಿಗ್ರಿ ಆಸುಪಾಸಲ್ಲೇ ಉರಿದು ಹೋಗೋಕೆ ಶುರು. ಟಂಗ್‌ಸ್ಟನ್ ಆಕ್ಸೈಡ್ ಆವಿಯಾಗಿ ಹೋಗುತ್ತೆ, ಮೇಲಾಗಿ ಅದರ ಸಾಂದ್ರತೆ 19ರ ಮೇಲೆ, ಹಾರೋ ವಸ್ತುವಿಗೆ ಅಷ್ಟು ಭಾರ ಯಾರು ಹೊರ್ತಾರೆ. ಜಿರ್ಕೋನಿಯಂ ಡೈಬೋರೈಡ್ ಸಾಂದ್ರತೆ 6.1 ಮಾತ್ರ.

ಜಿರ್ಕೋನಿಯಂ ಒಳ್ಳೇದೋ ಹಾಫ್ನಿಯಂ ಒಳ್ಳೇದೋ, ಒಂದು ಹೇಳಿಬಿಡಿ ಸರ್

ಬರೀ ಬಿಸಿ ತಡೆಯೋ ಲೆಕ್ಕ ನೋಡಿದ್ರೆ ಹಾಫ್ನಿಯಂ. ಅದು ಕರಗೋದು ಸುಮಾರು 3,380 ಡಿಗ್ರಿಗೆ, ಜಿರ್ಕೋನಿಯಂದು 3,245. ಅದಕ್ಕಿಂತ ಮುಖ್ಯ ಅಂದ್ರೆ ಮೇಲೆ ಕಟ್ಟೋ ಆಕ್ಸೈಡು. ಜಿರ್ಕೋನಿಯಾ, ಅಂದ್ರೆ ಜಿರ್ಕೋನಿಯಂ ಆಕ್ಸೈಡು, 1,170 ಡಿಗ್ರಿ ಹತ್ರ ತನ್ನ ಹರಳಿನ ರೂಪ ಬದಲಾಯಿಸಿ ಉಬ್ಬಿ ಕುಗ್ಗಿ ಬಿರುಕು ಬಿಡುತ್ತೆ, ಹಾಫ್ನಿಯಾದಲ್ಲಿ ಆ ಬದಲಾವಣೆ ಆಗೋದು ಇನ್ನೂ ಎಷ್ಟೋ ಮೇಲೆ. ಆದರೆ ಹಾಫ್ನಿಯಂ ಡೈಬೋರೈಡ್ ಸಾಂದ್ರತೆ 11.2, ರೇಟಂತೂ ಕೇಳೋದೇ ಬೇಡ. ಕಲಿಯೋರು ಜಿರ್ಕೋನಿಯಂನಿಂದ ಶುರು ಮಾಡಿ, ಕಲಿತದ್ದೆಲ್ಲಾ ಹಾಫ್ನಿಯಂಗೂ ಹೆಚ್ಚುಕಮ್ಮಿ ಹೊಂದುತ್ತೆ.

ಕಚ್ಚಾ ಮಾಲು ನಮ್ಮ ದೇಶದಾಗ ಸಿಗ್ತದೇನ್ರಿ, ರತ್ನಾಗಿರಿ ಕಡಿ ಕರಿ ಮರಳು ಅದ ಅಂತಾರಲ್ಲ?

ರತ್ನಾಗಿರಿ ತೀರದ ಕರಿ ಮರಳಲ್ಲಿ ಮುಖ್ಯವಾಗಿ ಇರೋದು ಇಲ್ಮೆನೈಟ್, ಅದು ಟೈಟಾನಿಯಂ ಅದಿರು. ಜಿರ್ಕೋನಿಯಂ ಸಿಗೋ ಜಿರ್ಕಾನ್ ಅನ್ನೋ ಖನಿಜ ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚ್ಚಿ, ಒಡಿಶಾ ತೀರದ ಮರಳಲ್ಲಿದೆ. ಹಾಫ್ನಿಯಂ ಅದೇ ಜಿರ್ಕಾನ್ ಒಳಗೇ ಶೇಕಡಾ ಒಂದೆರಡರಷ್ಟು ಅಡಗಿರುತ್ತೆ. ಅಣು ಸ್ಥಾವರಕ್ಕೆ ಬೇಕಾದ ಜಿರ್ಕೋನಿಯಂನಲ್ಲಿ ಹಾಫ್ನಿಯಂ ಇರಕೂಡದು, ನ್ಯೂಟ್ರಾನ್ ನುಂಗುತ್ತೆ, ಹಾಗಾಗಿ ಅದನ್ನ ಬೇರ್ಪಡಿಸಲೇಬೇಕು, ಜಗತ್ತಿಗೆ ಹಾಫ್ನಿಯಂ ಸಿಗೋದು ಹೆಚ್ಚಾಗಿ ಈ ದಾರಿಯಿಂದಲೇ. ಬೋರಾನ್ ಖನಿಜಕ್ಕೆ ಮಾತ್ರ ನಾವು ಹೊರದೇಶ ನೋಡಬೇಕು, ಜಗತ್ತಿನ ಅತಿ ದೊಡ್ಡ ನಿಕ್ಷೇಪ ಟರ್ಕಿಯಲ್ಲಿದೆ. ಈ ಮಾತನ್ನ ಇಷ್ಟು ಉದ್ದ ಹೇಳೋಕೆ ಕಾರಣ ಇದೆ, ದೇಶದಲ್ಲಿ ಫರ್ನೇಸ್ ಇದ್ದು ಪುಡಿ ಹೊರಗಿನಿಂದ ಬರೋದಾದ್ರೆ ಕೆಲಸದ ಅರ್ಧ ಕೀಲಿಕೈ ಬೇರೆಯವರ ಹತ್ರ ಇದ್ದಂಗೆ.

## ಪುಡಿಯಿಂದ ಗಟ್ಟಿ ತುಂಡಿನ ತನಕ

ಪುಡಿ ಹೇಗೆ ಮಾಡ್ತಾರೆ? ಲೋಹನೂ ಬೋರಾನೂ ಸೇರಿಸಿ ಕಾಯಿಸಿದ್ರೆ ಆಯ್ತಾ?

ಆಗುತ್ತೆ, ಆದರೆ ಆ ರಿಯಾಕ್ಷನ್ನು ಒಮ್ಮೆ ಕಿಡಿ ಹತ್ತಿದ್ರೆ ತನ್ನಷ್ಟಕ್ಕೆ ತಾನೇ ಉರ್ಕೊಂಡು ಹೋಗುತ್ತೆ, ಒಳಗೆ 3,000 ಡಿಗ್ರಿ ದಾಟುತ್ತೆ, ನುಣ್ಣನೆ ಜಿರ್ಕೋನಿಯಂ ಪುಡಿ ಗಾಳಿಗೆ ಬಂದ್ರೇ ಹೊತ್ತಿಕೊಳ್ಳೋ ವಸ್ತು ಬೇರೆ. ತರಬೇತಿ ಇಲ್ಲದೆ ಯಾರೂ ಅದರ ಹತ್ರ ಹೋಗಬಾರದು, ಇದನ್ನ ನಾನು ಪ್ರತಿ ಹುಡುಗನಿಗೂ ಕೈ ಹಿಡಿದು ಹೇಳ್ತೀನಿ. ರೂಢಿಯಲ್ಲಿರೋ ದಾರಿ ಅಂದ್ರೆ ಜಿರ್ಕೋನಿಯಾ, ಬೋರಾನ್ ಕಾರ್ಬೈಡ್, ಕಾರ್ಬನ್ ಮೂರನ್ನೂ ಬೆರೆಸಿ ವ್ಯಾಕ್ಯೂಮಲ್ಲಿ ಕಾಯಿಸೋದು. ತೂಕದಲ್ಲಲ್ಲ, ಅಣುಗಳ ಲೆಕ್ಕದಲ್ಲಿ ಎರಡು ಪಾಲು ಜಿರ್ಕೋನಿಯಾಗೆ ಒಂದು ಬೋರಾನ್ ಕಾರ್ಬೈಡು, ಮೂರು ಕಾರ್ಬನ್, ಎರಡು ಡೈಬೋರೈಡ್ ಆಗಿ ನಾಲ್ಕು ಕಾರ್ಬನ್ ಮೊನಾಕ್ಸೈಡ್ ಹೊರಗೆ ಹೋಗುತ್ತೆ. ಕಾಗದದ ಮೇಲೆ ಇಷ್ಟೇ. ನಿಜದಲ್ಲಿ ಬೋರಾನ್ ಸ್ವಲ್ಪ ಆವಿಯಾಗಿ ಕಳೆದುಹೋಗುತ್ತೆ, ಅದಕ್ಕೆ ಬೋರಾನ್ ಕಾರ್ಬೈಡ್ ಲೆಕ್ಕಕ್ಕಿಂತ ತುಸು ಜಾಸ್ತಿ ಹಾಕ್ತಾರೆ. ಕಮ್ಮಿ ಬಿಸಿಯಲ್ಲಿ ನಿಲ್ಲಿಸಿದ್ರೆ ಜಿರ್ಕೋನಿಯಾ ಉಳಿಯುತ್ತೆ, ಜಾಸ್ತಿ ಮಾಡಿದ್ರೆ ಕಣ ದಪ್ಪ ಆಗುತ್ತೆ.

ಒಳ್ಳೇ ಪುಡಿ ತಂದು ಪ್ರೆಸ್ ಮಾಡಿ ಫರ್ನೇಸಲ್ಲಿ ಇಟ್ಟೆ, 2,000 ಡಿಗ್ರಿ ಕೊಟ್ರೂ ತೂತು ತೂತು. ಯಾಕೆ ಸರ್?

ಅತಿ ಹೆಚ್ಚು ಬರೋ ಪ್ರಶ್ನೆ ಇದೇ. ಕಾರಣ ಬಹಳ ಸಲ ಆಕ್ಸಿಜನ್. ಡಬ್ಬಿ ಮೇಲೆ ಶೇಕಡಾ 99ಕ್ಕಿಂತ ಶುದ್ಧ ಅಂತ ಬರೆದಿದ್ರೂ ಪ್ರತಿ ಕಣದ ಮೈ ಮೇಲೆ ಜಿರ್ಕೋನಿಯಾ ಮತ್ತು ಬೋರಾನ್ ಆಕ್ಸೈಡಿನ ತೆಳು ಪೊರೆ ಇರುತ್ತೆ, ಪುಡಿ ನುಣ್ಣಗಾದಷ್ಟೂ ಮೈ ಜಾಸ್ತಿ, ಪೊರೆನೂ ಜಾಸ್ತಿ. ಕಾಯಿಸಿದಾಗ ಬೋರಾನ್ ಆಕ್ಸೈಡ್ ಕರಗಿ ಆವಿಯಾಗಿ ಒಂದು ಕಣದಿಂದ ಇನ್ನೊಂದಕ್ಕೆ ಮಾಲು ಸಾಗಿಸುತ್ತೆ, ಸಣ್ಣ ಕಣ ಕರಗಿ ದೊಡ್ಡದು ಬೆಳೆಯುತ್ತೆ. ಕಣ ದಪ್ಪ ಆಯ್ತು ಅಂದ್ರೆ ಅಂಟಿಕೊಂಡು ಒತ್ತಾಗೋ ಹುರುಪು ಹೋಯ್ತು, ಆಮೇಲೆ ಎಷ್ಟು ಡಿಗ್ರಿ ಕೊಟ್ರೂ ನಡುವಿನ ತೂತು ಮುಚ್ಚಲ್ಲ. ಹೊರಗಿಂದ ನೋಡೋಕೆ ಗಟ್ಟಿ, ಮುರಿದು ಮೈಕ್ರೋಸ್ಕೋಪ್ ಕೆಳಗಿಟ್ರೆ ದುಂಡು ದುಂಡು ಕಣ, ಮಧ್ಯೆ ಕಪ್ಪು ಖಾಲಿ.

ಮದ್ದು ಏನಂದ್ರೆ ಶೇಕಡಾ ಎರಡರಿಂದ ನಾಲ್ಕರಷ್ಟು ಬೋರಾನ್ ಕಾರ್ಬೈಡ್, ಜೊತೆಗೆ ಸ್ವಲ್ಪ ಕಾರ್ಬನ್. ಇವು 1,200 ಡಿಗ್ರಿ ದಾಟಿದ ಮೇಲೆ ಮೈ ಮೇಲಿನ ಜಿರ್ಕೋನಿಯಾವನ್ನ ತಿಂದು ಮತ್ತೆ ಡೈಬೋರೈಡನ್ನೇ ಮಾಡ್ತವೆ. ಹೊರಗೆ ಬರೋ ಅನಿಲಗಳಿಗೆ ದಾರಿ ಬೇಕು, ಹಾಗಾಗಿ 1,450ರಲ್ಲಿ ಒಂದು ಸಲ, 1,650ರಲ್ಲಿ ಇನ್ನೊಂದು ಸಲ ವ್ಯಾಕ್ಯೂಮಲ್ಲೇ ನಿಲ್ಲಿಸಿ, ಗೇಜಿನ ಮುಳ್ಳು ಏರಿ ಮತ್ತೆ ಇಳಿದು ಸ್ಥಿರ ಆಗೋ ತನಕ ಕಾಯಬೇಕು. ಮುಳ್ಳು ಏರ್ತಾ ಇದೆ ಅಂದ್ರೆ ಒಳಗೆ ಕೊಳೆ ಹೊರಬೀಳ್ತಾ ಇದೆ ಅಂತ ಅರ್ಥ. ಅಲ್ಲಿ ಅವಸರ ಮಾಡಿ ಮೇಲೆ ಹೋದವರಿಗೆ ಮೇಲೆ ಏನೂ ಸಿಗಲ್ಲ.

ಹಾಟ್ ಪ್ರೆಸ್, ಎಸ್‌ಪಿಎಸ್, ಪ್ರೆಶರ್ ಇಲ್ಲದ ಸಿಂಟರಿಂಗ್, ಯಾವುದು ತಗೊಳ್ಳಲಿ?

ಪುಡಿಯನ್ನ ಕರಗಿಸದೆ ಕಾಯಿಸಿ ಕಣಗಳನ್ನ ಅಂಟಿಸಿ ಗಟ್ಟಿ ಮಾಡೋದೇ ಸಿಂಟರಿಂಗ್. ತುಂಡಿನ ಆಕಾರ ಏನು ಅಂತ ಮೊದಲು ಹೇಳಿ. ಬಿಲ್ಲೆ, ಬ್ಲಾಕ್ ಸಾಕು ಅಂದ್ರೆ ಹಾಟ್ ಪ್ರೆಸ್. 1,900 ಡಿಗ್ರಿ, 30 ಮೆಗಾಪಾಸ್ಕಲ್. 50 ಮಿಲಿಮೀಟರ್ ಡೈ ಇದ್ರೆ ಅದು ಸುಮಾರು 6 ಟನ್ ಭಾರ, ಗ್ರಾಫೈಟ್ ಡೈ ತಡೆಯೋ ಮಿತಿಯೊಳಗೇ ಇದೆ. ಡೈ ಒಳಗೆ ಗ್ರಾಫೈಟ್ ಹಾಳೆ ಸುತ್ತಿ, ಬೋರಾನ್ ನೈಟ್ರೈಡ್ ಸ್ಪ್ರೇ ಹೊಡೆದು ಪುಡಿ ತುಂಬ್ತಾರೆ, ಇಲ್ಲಾಂದ್ರೆ ತುಂಡು ಡೈಗೆ ಕಚ್ಚಿಕೊಂಡು ಎರಡೂ ಹಾಳು. ಕೊಳೆ ಹೊರಟ ಮೇಲೆ ಆರ್ಗಾನ್ ಬಿಟ್ಟು ಒತ್ತಡ ಕೊಡೋದು, ಆಮೇಲೆ ಕಣ್ಣು ಪ್ರೆಸ್ಸಿನ ಒತ್ತೋ ದಂಡ (ರಾಮ್) ಇಳಿಯೋ ಗ್ರಾಫ್ ಮೇಲೆ. ಇಳಿಜಾರು ನಿಂತು ಗೆರೆ ಸಪಾಟ ಆಯ್ತು ಅಂದ್ರೆ ಒತ್ತಾಗಿದೆ, ಅದಾದ ಮೇಲೆ ಒಂದೊಂದು ನಿಮಿಷ ಜಾಸ್ತಿ ಇಟ್ರೂ ಕಣ ಬೆಳೆಯೋದು ಬಿಟ್ರೆ ಲಾಭ ಇಲ್ಲ. ಇಳಿಸುವಾಗ ಒತ್ತಡವನ್ನ ಬಿಸಿ ಇರುವಾಗಲೇ ತೆಗೀಬೇಕು.

ಎಸ್‌ಪಿಎಸ್ ಅಂದ್ರೆ ಸ್ಪಾರ್ಕ್ ಪ್ಲಾಸ್ಮಾ ಸಿಂಟರಿಂಗ್, ಅದರಲ್ಲಿ ಕರೆಂಟನ್ನೇ ಡೈ ಮೂಲಕ ಹರಿಸ್ತಾರೆ, ನಿಮಿಷಕ್ಕೆ 100 ಡಿಗ್ರಿ ಏರಿಸಬಹುದು, ಹಿಡಿಯೋದು ಕೆಲವೇ ನಿಮಿಷ, ಕಣ ಸಣ್ಣದಾಗೇ ಉಳಿಯುತ್ತೆ. ಪೇಪರ್ ಬರೆಯೋಕೆ ಸೊಗಸು. ಆದರೆ ತುಂಡು ದೊಡ್ಡದಾದಂಗೆ ನಡುವಿಗೂ ಅಂಚಿಗೂ ಬಿಸಿ ಒಂದೇ ಥರ ಇರಲ್ಲ, ಕೊಳೆ ಹೊರಡೋಕೂ ಟೈಮ್ ಸಿಗಲ್ಲ. ಪ್ರೆಶರ್ ಇಲ್ಲದ ದಾರಿ ಅತಿ ಕಷ್ಟ, 2,100 ಡಿಗ್ರಿ ವರೆಗೂ ಹೋಗಬೇಕು, ನುಣ್ಣನೆ ಪುಡಿ ಬೇಕು, ಮೇಲೆ ಹೇಳಿದ ಬೋರಾನ್ ಕಾರ್ಬೈಡ್ ಮದ್ದು ಬೇಕೇ ಬೇಕು. ಆದರೂ ನನಗೆ ಅತಿ ಪ್ರೀತಿಯ ದಾರಿ ಇದೇ, ಯಾಕಂದ್ರೆ ವಿಮಾನಕ್ಕೆ ಬೇಕಾಗಿರೋದು ಬಾಗಿದ ಅಂಚು, ಬಿಲ್ಲೆ ಅಲ್ಲ. ಹಸಿ ತುಂಡನ್ನ ಆಕಾರಕ್ಕೆ ಕೆತ್ತಿ ಆಮೇಲೆ ಸುಡೋ ಅವಕಾಶ ಇದರಲ್ಲೇ ಇರೋದು.

ನಮ್ಮ ಶಾಪಿನ್ಯಾಗ 1,200 ಡಿಗ್ರಿ ಮಫಲ್ ಫರ್ನೇಸ್ ಅದ, ಅದರಾಗ ಆಗೂದಿಲ್ಲೇನ್ರಿ?

ಆಗಲ್ಲ ರೀ. ಬಿಸಿ ಸಾಲಲ್ಲ, ಅದಕ್ಕಿಂತ ಮೊದಲು ಒಳಗೆ ಗಾಳಿ ಇದೆ, ಪುಡಿ ಸುಟ್ಟು ಬಿಳಿ ಆಕ್ಸೈಡ್ ಆಗುತ್ತೆ. ಆದರೆ ತಯಾರಾದ ತುಂಡಿನ ಆಕ್ಸಿಡೇಶನ್ ಟೆಸ್ಟಿನ ಮೊದಲ ಹಂತಕ್ಕೆ ಅದು ಧಾರಾಳ ಸಾಕು.

ಬಾಲ್ ಮಿಲ್ ಮಾಡಿದ ಮೇಲೆ ಡೆನ್ಸಿಟಿ ಶೇಕಡಾ 101 ಬಂತು, ಖುಷಿ ಪಡಲಾ?

ಬೇಡ. ಒಂದೂ ತೂತಿಲ್ಲದ ತುಂಡು ಅಂದ್ರೇನೇ 100, ಅದರ ಮೇಲೆ ಹೋಗೋಕೆ ಆಗಲ್ಲ. ಟಂಗ್‌ಸ್ಟನ್ ಕಾರ್ಬೈಡ್ ಗುಂಡು ಹಾಕಿ ಅರೆದಿದ್ರೆ ಗುಂಡು ಸವೆದು ಪುಡಿಯಲ್ಲಿ ಸೇರಿರುತ್ತೆ, ಅದರ ಸಾಂದ್ರತೆ 15.6, ಶೇಕಡಾ ಒಂದೆರಡು ಪಾಲು ಸೇರಿದ್ರೂ ನಿಮ್ಮ ಲೆಕ್ಕ ತಲೆಕೆಳಗು. ಅರೆಯೋ ಮೊದಲು ಮತ್ತು ಆಮೇಲೆ ಗುಂಡುಗಳನ್ನ ತೂಕ ಮಾಡಿ, ಸವೆದದ್ದನ್ನ ಸೇರಿಸಿ ಥಿಯರಿಟಿಕಲ್ ಡೆನ್ಸಿಟಿ ಹೊಸದಾಗಿ ಲೆಕ್ಕ ಹಾಕಿ. ಹಾಗಂತ ಟಂಗ್‌ಸ್ಟನ್ ಕಾರ್ಬೈಡ್ ಬರೀ ಕೊಳೆ ಅಂತಲೂ ಅಲ್ಲ, ಅದೂ ಕಣದ ಮೈ ಮೇಲಿನ ಆಕ್ಸೈಡ್ ತೆಗೆಯೋಕೆ ಸಹಾಯ ಮಾಡುತ್ತೆ, ಸಿಂಟರಿಂಗ್ ಸಲೀಸಾಗುತ್ತೆ. ಗೊತ್ತಿದ್ದು ಹಾಕಿದ್ರೆ ಮದ್ದು.

ಜುಲೈಯಲ್ಲಿ ಮಾಡಿದ ಸ್ಯಾಂಪಲ್ ಮೇಲೆ ಬಿಳಿ ನವಿರು ಬೆಳೀತಿದೆ, ಬೂಷ್ಟಾ?

ಬೂಷ್ಟು ಅಲ್ಲ, ಬೋರಿಕ್ ಆಸಿಡ್. ಟೆಸ್ಟ್ ಮಾಡಿದ ತುಂಡಿನ ಮೇಲೆ ಉಳಿದ ಬೋರಾನ್ ಆಕ್ಸೈಡ್ ಗಾಜು ಮುಂಬೈ ಪುಣೆ ಮಳೆಗಾಲದ ತೇವ ಹೀರಿಕೊಂಡು ಬೋರಿಕ್ ಆಸಿಡ್ ಹರಳಾಗುತ್ತೆ. ಸಂಜೆ ಫರ್ನೇಸಿಂದ ತೆಗೆದ ತುಂಡು ಗಾಜಿನ ಥರ ಹೊಳೀತಾ ಇರುತ್ತೆ, ಟೇಬಲ್ ಮೇಲೆ ಹಾಗೇ ಬಿಟ್ಟು ಹೋದ್ರೆ ಬೆಳಿಗ್ಗೆ ಅದೇ ಮೈ ಮಂಕಾಗಿ, ಭೂತಗನ್ನಡಿ ಹಿಡಿದ್ರೆ ಸಣ್ಣ ಸಣ್ಣ ಬಿಳಿ ಚಕ್ಕೆ ಎದ್ದಿರೋದು ಕಾಣುತ್ತೆ, ಬೆರಳಿಟ್ರೆ ಜಾರುತ್ತೆ. ಆಮೇಲೆ ಮಾಡಿದ ತೂಕ ನಂಬೋ ಹಾಗಿಲ್ಲ. ತೆಗೆದ ಕೂಡಲೇ ತೂಕ ಮಾಡಿ ಡೆಸಿಕೇಟರಲ್ಲಿ, ಅಂದ್ರೆ ತೇವ ಇಲ್ಲದ ಮುಚ್ಚಿದ ಪಾತ್ರೆಯಲ್ಲಿ, ಇಡಿ. ಪುಡಿ ಡಬ್ಬಿಗೂ ಇದೇ ಮಾತು, ಮಳೆಗಾಲದಲ್ಲಿ ಮುಚ್ಚಳ ತೆಗೆದಿಟ್ಟು ಚಹಾಕ್ಕೆ ಹೋಗಬೇಡಿ, ಕಣದ ಮೈ ಮೇಲಿನ ಆಕ್ಸೈಡ್ ಪೊರೆ ನೀರು ಕುಡಿದು ಮುಂದಿನ ಸಿಂಟರಿಂಗನ್ನೇ ಕೆಡಿಸುತ್ತೆ.

ಇಷ್ಟು ಗಟ್ಟಿ ಇದ್ರೆ ಕಟ್ ಮಾಡೋದು ಹೇಗೆ, ಭೋಸರಿಯಲ್ಲಿ ಆಗುತ್ತಾ?

ಡೈಮಂಡ್ ಚಕ್ರದಲ್ಲಿ ನಿಧಾನಕ್ಕೆ ಆಗುತ್ತೆ. ಆದರೆ ಕರೆಂಟ್ ಹರಿಯೋ ಸೆರಾಮಿಕ್ ಆದ್ದರಿಂದ, ತಂತಿಯಿಂದ ಕರೆಂಟಿನ ಕಿಡಿ ಹಾರಿಸಿ ಕೊಯ್ಯೋ ವೈರ್ ಕಟ್ ಮಷೀನಿಗೆ ಇದು ಟೂಲ್ ಸ್ಟೀಲ್ ಇದ್ದಂಗೇ, ಭೋಸರಿ ಚಾಕಣ ಕಡೆ ಡೈ ಮೋಲ್ಡ್ ಮಾಡೋರ ಮಷೀನಲ್ಲೇ ಅಂಚು, ಟೆಸ್ಟಿಗೆ ಬೇಕಾದ ಕಡ್ಡಿಯಂಥ ಬಾರ್ ಎಲ್ಲಾ ಕೊಯ್ಯಬಹುದು. ಒಂದೇ ಎಚ್ಚರ, ಕಿಡಿ ತಾಗಿದ ಮೈಯಲ್ಲಿ ತೆಳು ಬಿರುಕುಗಳು ಉಳೀತವೆ, ಸ್ಟ್ರೆಂತ್ ಟೆಸ್ಟಿಗೆ ಹೋಗೋ ಬಾರ್ ಆದ್ರೆ ಆ ಪದರ ಉಜ್ಜಿ ಪಾಲಿಶ್ ಮಾಡಿ ತೆಗೀಲೇಬೇಕು.

## ಆಳಕ್ಕೆ ಇಳಿದವರಿಗೆ

ಎಲ್ಲರೂ ಶೇಕಡಾ 20 ಸಿಲಿಕಾನ್ ಕಾರ್ಬೈಡ್ ಹಾಕ್ತಾರೆ, ಇದು ರೂಢಿನಾ ಅಥವಾ ಕಾರಣ ಇದೆಯಾ?

ಕಾರಣ ಇದೆ. ಬರೀ ಜಿರ್ಕೋನಿಯಂ ಡೈಬೋರೈಡ್ ಗಾಳಿಯಲ್ಲಿ ಕಾದ್ರೆ ಜಿರ್ಕೋನಿಯಾ ಮತ್ತು ಬೋರಾನ್ ಆಕ್ಸೈಡ್ ಆಗುತ್ತೆ. ಬೋರಾನ್ ಆಕ್ಸೈಡ್ 450 ಡಿಗ್ರಿಗೇ ಕರಗಿ ಹಾಲಿನ ಮೇಲಿನ ಕೆನೆ ಹಂಗೆ ಮೈ ಮುಚ್ಚಿ ಕಾಪಾಡುತ್ತೆ, ಆದರೆ 1,100 ದಾಟಿದ್ರೆ ಆವಿಯಾಗಿ ಹೋಗುತ್ತೆ, ಉಳಿಯೋದು ತೂತು ಬಿದ್ದ ಜಿರ್ಕೋನಿಯಾ, ಅದು ಆಕ್ಸಿಜನ್ನನ್ನ ತಡೆಯಲ್ಲ. ಸಿಲಿಕಾನ್ ಕಾರ್ಬೈಡ್ ಇದ್ರೆ ಅದು ಸಿಲಿಕಾ ಆಗಿ ಬೋರಾನ್ ಆಕ್ಸೈಡ್ ಜೊತೆ ಸೇರಿ ದಪ್ಪನೆ ಗಾಜಾಗುತ್ತೆ, ಕಾವಲು 1,600ರ ತನಕ ಎಳೆಯುತ್ತೆ. 1960ರ ದಶಕದಲ್ಲಿ ಅಮೆರಿಕದ ವಾಯುಪಡೆ ದುಡ್ಡು ಹಾಕಿ ಮಾಡಿಸಿದ ಕೆಲಸದಲ್ಲೇ ಪರಿಮಾಣದ ಲೆಕ್ಕದಲ್ಲಿ ಶೇಕಡಾ 20 ಹದ ಅಂತ ಗೊತ್ತಾಗಿತ್ತು.

1,600 ದಾಟಿದ ಮೇಲಿನ ಕಥೆ ಬೇರೆ. ಮೇಲಿನ ಗಾಜಿನ ಕೆಳಗೆ ಆಕ್ಸಿಜನ್ ಕಮ್ಮಿ ಇರೋ ಜಾಗದಲ್ಲಿ ಸಿಲಿಕಾನ್ ಕಾರ್ಬೈಡ್ ಸಿಲಿಕಾ ಆಗೋ ಬದಲು ಸಿಲಿಕಾನ್ ಮೊನಾಕ್ಸೈಡ್ ಅನಿಲ ಆಗಿ ಜಾರಿಕೊಳ್ಳುತ್ತೆ. ತುಂಡನ್ನ ಅಡ್ಡ ಕೊಯ್ದು ನೋಡಿದ್ರೆ ಮೇಲೆ ಗಾಜು, ಅದರ ಕೆಳಗೆ ಜಿರ್ಕೋನಿಯಾ, ಅದರ ಕೆಳಗೆ ಸಿಲಿಕಾನ್ ಕಾರ್ಬೈಡ್ ಇದ್ದ ಜಾಗವೆಲ್ಲಾ ಖಾಲಿ ಆದ ಒಂದು ಪದರ, ಆಮೇಲೆ ಒಳ್ಳೇ ಮೆಟೀರಿಯಲ್. ಆ ಖಾಲಿ ಪದರವೇ ದುರ್ಬಲ ಜಾಗ, ಗಾಳಿಯ ಹೊಡೆತಕ್ಕೆ ಮೇಲಿನದು ಅಲ್ಲಿಂದಲೇ ಕಿತ್ತು ಬರೋದು. ಹಾಗಾಗಿ 2,000 ಡಿಗ್ರಿ ಗುರಿ ಇದ್ದವರು ಸಿಲಿಕಾನ್ ಕಾರ್ಬೈಡ್ ಕಮ್ಮಿ ಮಾಡಿ, ಟಂಗ್‌ಸ್ಟನ್ ಥರದ್ದನ್ನ ಸೇರಿಸಿ ಜಿರ್ಕೋನಿಯಾ ಪದರವನ್ನೇ ಒತ್ತಾಗಿಸೋ ದಾರಿ ಹುಡುಕ್ತಾ ಇದಾರೆ.

ಸಿಲಿಕಾನ್ ಕಾರ್ಬೈಡ್ ಕಣದ ಸೈಜು ಅಷ್ಟು ಮುಖ್ಯನಾ?

ತುಂಬಾ. ತಣ್ಣಗಾಗುವಾಗ ಡೈಬೋರೈಡ್ ಜಾಸ್ತಿ ಕುಗ್ಗುತ್ತೆ, ಸಿಲಿಕಾನ್ ಕಾರ್ಬೈಡ್ ಕಮ್ಮಿ. ಹಾಗಾಗಿ ಪ್ರತಿ ಕಣದ ಸುತ್ತ ಎಳೆತ ಕೂತಿರುತ್ತೆ. ಕಣ ಒಂದೆರಡು ಮೈಕ್ರಾನ್ ಇದ್ರೆ ತೊಂದರೆ ಇಲ್ಲ, 10 ಮೈಕ್ರಾನ್ ಆಸುಪಾಸು ದಾಟಿದ್ರೆ ತನ್ನಷ್ಟಕ್ಕೆ ಬಿರುಕು ಬಿಡೋಕೆ ಶುರು. ಕಣ ಸಣ್ಣದಿದ್ರೂ ಸರಿಯಾಗಿ ಬೆರೆಯದೆ ಗುಂಪಾಗಿ ಗಂಟು ಕಟ್ಟಿದ್ರೆ ಅದೂ ದೊಡ್ಡ ಕಣವೇ.

ನಿಜವಾಗಿ ಹಾರಿಸಿ ನೋಡಿದಾರಾ, ಎಲ್ಲಾ ಲ್ಯಾಬಲ್ಲೇನಾ?

ಹಾರಿಸಿದಾರೆ, ಈ ವಿಷಯ ಓದೋ ಪ್ರತಿಯೊಬ್ಬರಿಗೂ ಗೊತ್ತಿರಬೇಕಾದ ಕಥೆ ಇದು. ನಾಸಾದ ಏಮ್ಸ್ ಕೇಂದ್ರದವರು ಶಾರ್ಪ್ ಅನ್ನೋ ಹೆಸರಲ್ಲಿ 1997ರಲ್ಲಿ ಹಾಫ್ನಿಯಂ ಡೈಬೋರೈಡ್ ಮೂತಿಯನ್ನ ಮಿನಿಟ್‌ಮನ್ ಕ್ಷಿಪಣಿ ಮೇಲೆ ಕಳಿಸಿದ್ರು. 2000ದ ಸೆಪ್ಟೆಂಬರಲ್ಲಿ ಎರಡನೇ ಸಲ, ಈ ಸಲ ಚೂಪು ರೆಕ್ಕೆಯಂಥ ನಾಲ್ಕು ಪಟ್ಟಿಗಳು, ಬಿಸಿಗೆ ಒಡ್ಡಿ ಮತ್ತೆ ಒಳಗೆ ಎಳೆದುಕೊಳ್ಳೋ ಹಾಗೆ ಮಾಡಿದ್ರು, ವಾಹನವನ್ನ ವಾಪಸ್ ಹಿಡಿದೂ ತಂದ್ರು. ಬಿಚ್ಚಿ ನೋಡಿದ್ರೆ ಪಟ್ಟಿಗಳಲ್ಲಿ ಬಿರುಕು, ಮುರಿತ. ಹುಡುಕಿಕೊಂಡು ಹೋದಾಗ ಸಿಕ್ಕಿದ್ದು ಪುಡಿ ಸರಿಯಾಗಿ ಬೆರೆಯದೆ ಒಳಗೆ ಉಳಿದ ಗಂಟುಗಳು, ಅದರಿಂದ ಸ್ಟ್ರೆಂತ್ ಕಮ್ಮಿ ಆಗಿತ್ತು. ಅಂದ್ರೆ ವಾತಾವರಣದ ಬಿಸಿಯಲ್ಲಿ ಸೋತದ್ದರ ಬೇರು ಮಿಕ್ಸಿಂಗ್ ಪಾತ್ರೆಯಲ್ಲಿತ್ತು. ಆಮೇಲೆ ಏಮ್ಸ್‌ನವರು ತಾವೇ ಪುಡಿ ಹಂತದಿಂದ ಹಿಡಿದು ಪ್ರಾಸೆಸಿಂಗನ್ನ ಹೊಸದಾಗಿ ಕೈಗೆತ್ತಿಕೊಂಡ್ರು.

ಫರ್ನೇಸಲ್ಲಿ ಒಂದು ಗಂಟೆ ಇಟ್ಟೆ, ಏನೂ ಆಗಲಿಲ್ಲ. ವಿಮಾನಕ್ಕೆ ಪಾಸ್ ತಾನೇ?

ಇಲ್ಲ. ಫರ್ನೇಸ್ ಗಾಳಿ ನಿಂತ ಗಾಳಿ, ಬಿಸಿ ನಿಧಾನಕ್ಕೆ ಏರುತ್ತೆ. ಹಾರಾಟದಲ್ಲಿ ಸೆಕೆಂಡುಗಳಲ್ಲಿ ಏರುತ್ತೆ, ಒತ್ತಡ ಕಮ್ಮಿ, ಆಕ್ಸಿಜನ್ ಅಣು ಒಡೆದು ಬಿಡಿ ಪರಮಾಣು ಆಗಿರುತ್ತೆ, ಆ ಪರಮಾಣುಗಳು ಮೈ ಮೇಲೆ ಮತ್ತೆ ಜೋಡಿಯಾದ್ರೆ ಇನ್ನಷ್ಟು ಬಿಸಿ ಬಿಟ್ಟುಕೊಡ್ತವೆ, ಮೇಲಾಗಿ ಗಾಜಿನ ಪೊರೆಯನ್ನ ಗಾಳಿ ಎಳೆದುಕೊಂಡು ಹೋಗುತ್ತೆ. ಕಾಲೇಜಲ್ಲಿ ಆಗೋದು ಆಕ್ಸಿ ಅಸಿಟಲೀನ್ ಟಾರ್ಚ್ ಟೆಸ್ಟ್, ಥರ್ಮಲ್ ಶಾಕ್ ನೋಡೋಕೆ ಒಳ್ಳೇದು, ಆದರೆ ಜ್ವಾಲೆಯಲ್ಲಿ ನೀರಾವಿ ಇರುತ್ತೆ ಅನ್ನೋದು ನೆನಪಿರಲಿ. ಅದಕ್ಕೂ ಮೇಲೆ, ಕರೆಂಟಿನಿಂದ ವಿಪರೀತ ಕಾಯಿಸಿದ ಗಾಳಿಯನ್ನ ತುಂಡಿನ ಮೇಲೆ ಹರಿಸೋ ಪ್ಲಾಸ್ಮಾ ಟನಲ್, ಆರ್ಕ್ ಜೆಟ್. ಇಸ್ರೋದ ತಿರುವನಂತಪುರದ ಕೇಂದ್ರದಲ್ಲಿ ಪ್ಲಾಸ್ಮಾ ವಿಂಡ್ ಟನಲ್ ಇದೆ. ಶಾಕ್ ಟನಲ್ಲು ಮಿಲಿಸೆಕೆಂಡಿನ ಆಟ, ಅದು ಗಾಳಿ ಹರಿಯೋ ರೀತಿ ಅಳೆಯೋಕೆ, ಮೆಟೀರಿಯಲ್ ಸುಡೋಕೆ ಅಲ್ಲ.

ಒಂದು ಏಟಿಗೆ ಒಡೆದುಹೋಗೋ ವಸ್ತುನ ವಿಮಾನಕ್ಕೆ ಹಾಕೋದು ಸರಿನಾ ಸರ್?

ಬಹಳ ಸರಿಯಾದ ಅಂಜಿಕೆ. ಫ್ರ್ಯಾಕ್ಚರ್ ಟಫ್‌ನೆಸ್, ಅಂದ್ರೆ ಬಿರುಕು ಹರಡದಂತೆ ತಡೆಯೋ ತಾಕತ್ತಿನ ಅಳತೆ, ನಾಲ್ಕರ ಆಸುಪಾಸಲ್ಲೇ ಇರುತ್ತೆ, ಸ್ಟೀಲಿನದು ಅದರ ಹತ್ತಾರು ಪಟ್ಟು. ಅದಕ್ಕೇ ಕಾರ್ಬನ್ ನಾರಿನ ಹೆಣಿಗೆಯೊಳಗೆ ಬೋರೈಡ್ ಪುಡಿಯ ಸ್ಲರಿ ಇಳಿಸೋದು, ಅಥವಾ ಬೋರಾನ್ ತುಂಬಿದ ಹೆಣಿಗೆಯೊಳಕ್ಕೆ ಜಿರ್ಕೋನಿಯಂ ಲೋಹವನ್ನ ಕರಗಿಸಿ ಹೀರಿಸಿ ಅಲ್ಲೇ ಬೋರೈಡ್ ಮಾಡೋದು, ಈ ಎರಡು ದಾರಿ ಜೋರಾಗಿ ನಡೀತಿವೆ. ನಾರು ಬಿರುಕನ್ನ ತಡೆದು ನಿಲ್ಲಿಸುತ್ತೆ, ಆದರೆ ಅದೇ ನಾರು ಕಾರ್ಬನ್, ಗಾಳಿ ತಾಗಿದ್ರೆ ಉರಿಯುತ್ತೆ, ಕರಗಿದ ಲೋಹ ತಾಗಿದ್ರೆ ಕರಗಿಹೋಗುತ್ತೆ. ನಾರಿನ ಮೇಲೆ ಮೊದಲೇ ಕವಚದ ಲೇಪ ಕೊಡದೆ ಇದ್ರೆ ಎರಡೂ ದಾರಿ ಮುಂದೆ ಹೋಗಲ್ಲ.

ನಮ್ಮ ದೇಶದಲ್ಲಿ ಹೈಪರ್‌ಸಾನಿಕ್ ಎಲ್ಲಿಗೆ ಬಂದಿದೆ, ಈ ಕೆಲಸ ಕಲಿಯೋಕೆ ಎಲ್ಲಿಗೆ ಹೋಗ್ಲಿ?

2020ರ ಸೆಪ್ಟೆಂಬರ್ 7ಕ್ಕೆ ಡಿಆರ್‌ಡಿಒದವರು ಎಚ್‌ಎಸ್‌ಟಿಡಿವಿ ಅನ್ನೋ ಹೈಪರ್‌ಸಾನಿಕ್ ಪರೀಕ್ಷಾ ವಾಹನವನ್ನ ಒಡಿಶಾ ತೀರದಿಂದ ಹಾರಿಸಿ ಸ್ಕ್ರಾಮ್‌ಜೆಟ್ ಇಂಜಿನ್ನನ್ನ 20 ಸೆಕೆಂಡಿಗೂ ಮೇಲೆ ಓಡಿಸಿದ್ರು, ವೇಗ ಶಬ್ದದ ಆರು ಪಟ್ಟು. 2025ರಲ್ಲಿ ಹೈದರಾಬಾದಲ್ಲಿ ನೆಲದ ಮೇಲಿನ ಕಂಬಸ್ಟರ್ ಟೆಸ್ಟು ಜನವರಿಯಲ್ಲಿ 120 ಸೆಕೆಂಡು, ಏಪ್ರಿಲಲ್ಲಿ 1,000 ಸೆಕೆಂಡಿಗೂ ಮೇಲೆ ಹೋಯ್ತು. 20 ಸೆಕೆಂಡಿನ ಕಾಲದಲ್ಲಿ ಲೋಹ, ಲೇಪ ಇವುಗಳಿಂದ ಹೇಗೋ ದಾಟಬಹುದು, ಸಾವಿರ ಸೆಕೆಂಡು ಅಂದ್ರೆ ಮೆಟೀರಿಯಲ್ಲಿನವರ ಪಾಳಿ ಬಂತು ಅಂತಲೇ.

ಕಲಿಯೋಕೆ ಮುಂಬೈ ಪುಣೆಯಲ್ಲೇ ಜಾಗ ಇದೆ. ಟ್ರಾಂಬೆಯ ಬಿಎಆರ್‌ಸಿಯವರು (ಭಾಭಾ ಅಣು ಸಂಶೋಧನಾ ಕೇಂದ್ರ) ಜಿರ್ಕೋನಿಯಂ, ಹಾಫ್ನಿಯಂ, ಟೈಟಾನಿಯಂ ಬೋರೈಡ್ ಮಾಡೋದರ ಮೇಲೆ ವರ್ಷಾನುಗಟ್ಟಲೆ ಪೇಪರ್ ಬರೆದಿದಾರೆ, ಅವನ್ನ ಓದಿ, ಪುಡಿಯಿಂದ ಶುರು ಮಾಡಿ ಬರೆದಿರೋದರಿಂದ ಹೊಸಬರಿಗೆ ತುಂಬಾ ಉಪಯೋಗ. ಪವಯಿಯಲ್ಲಿ ಐಐಟಿ, ಪುಣೆಯ ಗಿರಿನಗರದಲ್ಲಿ ರಕ್ಷಣಾ ತಂತ್ರಜ್ಞಾನ ಕಲಿಸೋ ಡಿಐಎಟಿ, ಆಚೆ ಹೈದರಾಬಾದಲ್ಲಿ ಡಿಆರ್‌ಡಿಒದ ಲೋಹ ಪ್ರಯೋಗಾಲಯ ಡಿಎಂಆರ್‌ಎಲ್ ಮತ್ತು ಪುಡಿ, ಹೊಸ ಮೆಟೀರಿಯಲ್ ಸಂಶೋಧನೆಯ ಎಆರ್‌ಸಿಐ, ನಮ್ಮ ಬೆಂಗಳೂರಲ್ಲಿ ಐಐಎಸ್‌ಸಿ. ಸೇರುವ ಮೊದಲು ಫೇಸ್ ಡಯಾಗ್ರಾಂ ಓದೋದು, ಎಕ್ಸ್‌ರೇ ಪ್ಯಾಟರ್ನ್ ನೋಡಿ ಜಿರ್ಕೋನಿಯಾ ಉಳಿದಿದೆಯಾ ಅಂತ ಹೇಳೋದು, ಈ ಎರಡು ಬಂದ್ರೆ ಸಾಕು. ಮಿಕ್ಕಿದ್ದು ಫರ್ನೇಸ್ ಪಕ್ಕ ನಿಂತು ಬರುತ್ತೆ.

ಹೈ ಎಂಟ್ರಪಿ ಬೋರೈಡ್ ಅಂತ ಈಗ ಎಲ್ಲಾ ಕಡೆ ಕೇಳ್ತೀವಲ್ಲ, ಅದರಲ್ಲಿ ಪಿಎಚ್‌ಡಿ ಮಾಡಲಾ?

ಐದು ಲೋಹ, ಅಂದ್ರೆ ಹಾಫ್ನಿಯಂ, ಜಿರ್ಕೋನಿಯಂ, ಟ್ಯಾಂಟಲಂ, ನಿಯೋಬಿಯಂ, ಟೈಟಾನಿಯಂ ಥರದವನ್ನ ಸಮಪಾಲು ಬೆರೆಸಿ ಒಂದೇ ಹರಳು ಮಾಡೋದು, 2016ರಲ್ಲಿ ಮೊದಲು ಪ್ರಕಟ ಆಯ್ತು. ಆ ಮೊದಲ ತುಂಡುಗಳ ಡೆನ್ಸಿಟಿ ಶೇಕಡಾ 92ರ ಹತ್ರ, ಒಳಗೆ ಆಕ್ಸೈಡ್ ಕೂಡ ಉಳಿದಿತ್ತು. ಆಮೇಲೆ ಪುಡಿಯನ್ನೇ ಬೋರಾನ್ ಕಾರ್ಬೈಡ್, ಕಾರ್ಬನ್ ದಾರಿಯಲ್ಲಿ ಶುದ್ಧವಾಗಿ ಮಾಡಿದವರಿಗೆ ಶೇಕಡಾ 99 ದಾಟಿತು. ಮಾಡಿ, ಖಂಡಿತ ಮಾಡಿ. ಆದರೆ ಗೈಡನ್ನ ಭೇಟಿಯಾದಾಗ ಮೊದಲು ಕೇಳಬೇಕಾದ್ದು ಪುಡಿ ಎಲ್ಲಿಂದ ಬರುತ್ತೆ, ಅದರ ಆಕ್ಸಿಜನ್ ಅಳೆಯೋ ಮಷೀನು ನಿಮ್ಮಲ್ಲಿ ಇದೆಯಾ ಅಂತ.